ಯಾವ ಊರಿನ ನಾಲ್ಕು ಗಂಟೆ?

"ನಿಮ್ಮ ಗಡಿಯಾರ ಸರಿಯಿಲ್ಲ!"

ವಿಚಾರಣೆ ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ಒಬ್ಬ ಕೂಗುತ್ತಿದ್ದ. ಹುಬ್ಬಿನ ಮೇಲೆಲ್ಲ ಹಿಮ. ಮೂಗು ಟೊಮೇಟೊ ಹಣ್ಣಿನಷ್ಟು ಕೆಂಪು.

ರಿಮ್ಮಾ ತಲೆಯೆತ್ತಿ ನೋಡಿದಳು. ಖಬಾರೋವ್‌ಸ್ಕ್ ರೈಲು ನಿಲ್ದಾಣದ ಆ ಕಿಟಕಿಯಲ್ಲಿ ಕೂತು ಅವಳಿಗೆ ಮೂರು ವರ್ಷವಾಗಿತ್ತು. ಕೂಗುವವರನ್ನು ದಿನಕ್ಕೆ ಹತ್ತು ಜನರನ್ನಾದರೂ ನೋಡುತ್ತಿದ್ದಳು. ಆದರೆ ಇಷ್ಟು ಚೆಂದದ ಕಣ್ಣಿಟ್ಟುಕೊಂಡು ಇಷ್ಟು ಕೆಟ್ಟದಾಗಿ ಕೂಗುವವನನ್ನು ನೋಡಿರಲಿಲ್ಲ!

"ಈಗ ಮಧ್ಯಾಹ್ನ ಒಂದು ಗಂಟೆ. ನಿಮ್ಮ ಗಡಿಯಾರ ಬೆಳಗಿನ ಆರು ತೋರಿಸ್ತಿದೆ. ಹನ್ನೊಂದಕ್ಕೆ ಚೀತಾ ಊರಿಂದ ರೈಲು ಬರುತ್ತೆ ಅಂತ ಬೋರ್ಡು ಹಾಕಿದೀರಿ. ನಮ್ಮ ಚಿಕ್ಕಮ್ಮ ಬರ್ತಿದಾಳೆ ಅಂತ ಎರಡೂವರೆ ಗಂಟೆ ಹೊತ್ತಿಂದ ಆ ಚಳೀಲಿ ನಿಂತಿದೀನಿ. ರೈಲೂ ಇಲ್ಲ, ಚಿಕ್ಕಮ್ಮನೂ ಇಲ್ಲ!"

"ಗಡಿಯಾರ ಸರಿಯಾಗೇ ಇದೆ," ಎಂದಳು ರಿಮ್ಮಾ. "ಬೋರ್ಡಿನ ಕೆಳಗೆ 'ಮಾಸ್ಕೋ ಸಮಯ' ಅಂತ ಬರೆದಿರೋದು ಕಾಣಲಿಲ್ವಾ? ರೈಲು ಎಲ್ಲಿಂದ ಎಲ್ಲಿಗೇ ಹೋಗ್ಲಿ, ನಡೆಯೋದು ಮಾಸ್ಕೋ ಗಡಿಯಾರದಲ್ಲಿ. ಮಾಸ್ಕೋ ನಮಗಿಂತ ಏಳು ಗಂಟೆ ಹಿಂದೆ, ಏಳು ಕೂಡಿಸ್ಕೊಳ್ಳಿ. ನಿಮ್ಮ ಚಿಕ್ಕಮ್ಮ ಬರೋದು ಸಂಜೆ ಆರಕ್ಕೆ. ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತಿರೋ ವಿಷಯ."

ಅವನು ತಿರುಗಿ ಬೋರ್ಡನ್ನು ಮತ್ತೊಮ್ಮೆ ಓದಿದ.

"ನೀವು ಏನು ಕೆಲಸ ಮಾಡ್ಕೊಂಡಿದೀರಿ?" ಪಕ್ಕದ ಕಿಟಕಿಯಿಂದ ಫಾಯಿನಾ ಇಣುಕಿದಳು. ರಿಮ್ಮಾಳಿಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ಇಪ್ಪತ್ತು ವರ್ಷ ದೊಡ್ಡದು.

"ವಿಮಾನದಲ್ಲಿ... ನ್ಯಾವಿಗೇಟರ್," ಎಂದ ಅವನು, ಸಣ್ಣ ದನಿಯಲ್ಲಿ. "ದಾರಿ, ದೂರ, ಸಮಯ... ಇದನ್ನೆಲ್ಲ ಲೆಕ್ಕ ಹಾಕೋದು."

ಫಾಯಿನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ದೇವರೇ! ಇವನು ಲೆಕ್ಕ ಹಾಕೋ ವಿಮಾನ ನಾನಂತೂ ಜನ್ಮದಲ್ಲಿ ಹತ್ತಲ್ಲ!"

ರಿಮ್ಮಾ ನಗಲಿಲ್ಲ. ಅವನ ಕೈ ಬೆರಳುಗಳು ಗಾಜಿನಾಚೆ ಸೆಟೆದು ನಿಂತಿದ್ದವು. ತನ್ನ ಬಿಸಿ ಚಹಾದ ಲೋಟವನ್ನು ಕಿಟಕಿಯ ಕೆಳಗಿನ ಸಂದಿಯಿಂದ ಆಚೆ ತಳ್ಳಿದಳು.

"ಕುಡೀರಿ. ಇನ್ನೂ ಐದು ಗಂಟೆ ಕಾಯ್ಬೇಕು ನೀವು."

ಅವನ ಹೆಸರು ಗ್ಲೆಬ್. ತೊಂಬತ್ನಾಲ್ಕರ ಜನವರಿ ಅದು.

* * *

ಆಮೇಲೆ ಏನಾಯಿತು ಎಂದು ಬಿಡಿಸಿ ಹೇಳಬೇಕೇ? ಚಿಕ್ಕಮ್ಮ ಊರಿಗೆ ಹೋದರೂ ಅವನು ನಿಲ್ದಾಣಕ್ಕೆ ಬರುವುದು ನಿಲ್ಲಲಿಲ್ಲ. ಮಾಸ್ಕೋದಿಂದ ವಿಮಾನ ಬಂದಾಗಲೆಲ್ಲ ಒಂದು ದಿನ ಇಲ್ಲಿ ತಂಗುತ್ತಿದ್ದ. ಕೈಯಲ್ಲಿ ಮಾಸ್ಕೋದ ಚಾಕೊಲೇಟ್ ಪೊಟ್ಟಣ, ಬಾಯಲ್ಲಿ ಇಲ್ಲದ ತರಲೆ. ಹೋಗುವಾಗ ರಿಮ್ಮಾಳ ಅಮ್ಮ ಕಟ್ಟಿಕೊಟ್ಟ ಉಪ್ಪು ಮೀನು, ಎಲೆಕೋಸು ತುಂಬಿದ ಬನ್ನು. "ಮಾಸ್ಕೋದೋರಿಗೆ ತಿನ್ನೋಕೆ ಏನು ಗೊತ್ತು ಪಾಪ," ಎನ್ನುತ್ತಿದ್ದಳು ಆ ತಾಯಿ.

ಒಮ್ಮೆ ಅಮೂರ್ ನದಿಯ ದಂಡೆಯಲ್ಲಿ ಕೂತಿದ್ದಾಗ ರಿಮ್ಮಾ ಕೇಳಿದಳು. "ನಿಜ ಹೇಳು, ನಿಮ್ಮೂರು ಎಷ್ಟು ದೂರ?"

"ನಿನ್ನ ರೈಲಲ್ಲಾದ್ರೆ ಎಂಟೂವರೆ ಸಾವಿರ ಕಿಲೋಮೀಟರು, ಆರು ದಿನ. ನನ್ನ ವಿಮಾನದಲ್ಲಿ ಆರು ಸಾವಿರದ ಚಿಲ್ಲರೆ. ಬರೋಕೆ ಏಳು ಗಂಟೆ ನಲವತ್ತು ನಿಮಿಷ. ಹೋಗೋಕೆ ಎಂಟು ಗಂಟೆ ಇಪ್ಪತ್ತು."

"ಅದು ಹೇಗೆ? ದಾರಿ ಒಂದೇ ಅಲ್ವಾ?"

"ದಾರಿ ಒಂದೇ, ಆದ್ರೆ ಗಾಳಿ ಇದೆಯಲ್ಲ! ಮೇಲೆ ಯಾವಾಗ್ಲೂ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ. ಬರುವಾಗ ಹಿಂದಿನಿಂದ ತಳ್ಳುತ್ತೆ, ಹೋಗುವಾಗ ಎದುರಿಗೆ ಅಡ್ಡ ನಿಲ್ಲುತ್ತೆ." ಅವಳ ಕೈ ಹಿಡಿದುಕೊಂಡ. "ನಿನ್ನ ಬಿಟ್ಟು ಹೋಗೋಕೆ ನಲವತ್ತು ನಿಮಿಷ ಜಾಸ್ತಿ. ನಾನು ಹೋಗೋದು ಗಾಳಿಗೂ ಇಷ್ಟ ಇಲ್ಲ, ರಿಮ್ಮಾ."

'ಸುಳ್ಳುಗಾರ...' ಎಂದುಕೊಂಡಳು ಮನಸ್ಸಿನಲ್ಲೇ. ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

ಆ ಕಾಲವೇ ಹಾಗಿತ್ತು. ಹಳೆಯ ಸರ್ಕಾರ ಬಿದ್ದು ದೇಶದಲ್ಲಿ ಯಾವುದಕ್ಕೂ ನೆಲೆಯಿರಲಿಲ್ಲ. ವಿಮಾನಗಳು ಇಂಧನ ಸಿಕ್ಕಾಗ ಹಾರುತ್ತಿದ್ದವು. ಒಂದು ವಾರ ಬೆಳಿಗ್ಗೆ, ಇನ್ನೊಂದು ವಾರ ರಾತ್ರಿ. ರಿಮ್ಮಾಳ ಮನೆಯಲ್ಲಿ ಫೋನ್ ಇರಲಿಲ್ಲ. ಹಾಗಾಗಿ ಗ್ಲೆಬ್ ಚೀಟಿ ಬರೆದು ಫಾಯಿನಾಳ ಕೈಗೆ ಕೊಟ್ಟು ಹೋಗುತ್ತಿದ್ದ. ಆ ಚೀಟಿಗಳೇ ಒಂದು ತಮಾಷೆ! ಮೊದಲ ದಿನದ ಅವಮಾನ ಮರೆಯದೆ, ಗಂಟೆಯನ್ನೆಲ್ಲ ಅವಳ ರೈಲಿನ ಲೆಕ್ಕದಲ್ಲೇ ಬರೆಯುತ್ತಿದ್ದ. 'ಗುರುವಾರ ನಸುಕಿನ ಎರಡಕ್ಕೆ ನಿನ್ನ ಕಿಟಕಿ ಮುಂದೆ ಇರ್ತೀನಿ.' ಅವಳು ಏಳು ಕೂಡಿಸಿ ನಗುತ್ತಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಅವನ ಮೂಗು ಗಾಜಿಗೆ ಒತ್ತಿಕೊಂಡಿರುತ್ತಿತ್ತು.

ಎರಡು ವರ್ಷ. ಒಂದು ಚೀಟಿಯೂ ತಪ್ಪಲಿಲ್ಲ.

ತೊಂಬತ್ತಾರರ ಮೇ ತಿಂಗಳಲ್ಲಿ ಇಬ್ಬರೂ ಅದೇ ದಂಡೆಯ ಮೇಲೆ ಐಸ್‌ಕ್ರೀಮ್ ತಿನ್ನುತ್ತಿದ್ದರು. ರಿಮ್ಮಾ ಅವತ್ತು ಹನ್ನೆರಡು ಗಂಟೆ ಕೆಲಸ ಮುಗಿಸಿ ಬಂದಿದ್ದಳು.

"ಸಾಕಾಗಿದೆ ಕಣೋ. ಕಿಟಕಿ ಒಳಗೆ ಮಾಸ್ಕೋ, ಹೊರಗೆ ನಮ್ಮೂರು. ಕೂಡಿಸು, ಕಳಿ, ಕೂಡಿಸು, ಕಳಿ... ತಲೆ ಚಿಟ್ಟು ಹಿಡಿದುಹೋಗಿದೆ. ನೀನಾದ್ರೂ ಇನ್ಮೇಲೆ ನಮ್ಮೂರ ಗಂಟೆ ಲೆಕ್ಕದಲ್ಲೇ ಮಾತಾಡಪ್ಪ!"

"ಆಗ್ಲಿ," ಎಂದ ಗ್ಲೆಬ್.

ಅಷ್ಟರಲ್ಲಿ ಐಸ್‌ಕ್ರೀಮ್ ಕರಗಿ ಅವಳ ತೋಳಿಗೆ ಇಳಿಯಿತು. ಅವನು ಒರೆಸಲು ಹೋದ, ಅವಳು ಅವನ ಮೂಗಿಗೇ ಮೆತ್ತಿದಳು. ಇಬ್ಬರೂ ನಕ್ಕು ನಕ್ಕು ಸುಸ್ತಾದರು. ಏನು ಮಾತಾಡುತ್ತಿದ್ದೆವೆಂಬುದು ರಿಮ್ಮಾಳಿಗೆ ಮರೆತೇಹೋಯಿತು.

* * *

ಜೂನ್ ತಿಂಗಳ ಒಂದು ಶುಕ್ರವಾರ. ರಿಮ್ಮಾಳಿಗೆ ರಜೆ. ಸಂಜೆ ಫಾಯಿನಾ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು.

"ತಗೊಳ್ಳೇ! ನಿನ್ನ ವಿಮಾನದೋನು ಕೊಟ್ಟ. ನಿಲ್ಲೋಕೂ ಪುರುಸೊತ್ತಿಲ್ಲ ಅವನಿಗೆ, ಮುಖ ಬಿಳಿಚಿಕೊಂಡಿತ್ತು. ಬೇಗ ಓದು, ನನಗೆ ತಡ್ಕೊಳ್ಳೋಕೆ ಆಗ್ತಿಲ್ಲ!"

'ರಿಮ್ಮಾ, ನಾಳೆ ಶನಿವಾರ ಸಂಜೆ ನಾಲ್ಕಕ್ಕೆ ವಿಮಾನ. ಈ ದಾರಿಯಲ್ಲಿ ಇದೇ ನನ್ನ ಕೊನೆಯ ಹಾರಾಟ. ಹೊಸ ವಿಮಾನ ಬರ್ತಿದೆ, ಅದರಲ್ಲಿ ದಾರಿ ಲೆಕ್ಕ ಹಾಕೋದಕ್ಕೆ ಯಂತ್ರ ಇದೆಯಂತೆ, ನಾನು ಬೇಡ. ನಿನ್ನ ಹೆಸರಲ್ಲಿ ಟಿಕೆಟ್ ತೆಗೆದಿದ್ದೀನಿ. ನೀನು ಬಂದ್ರೆ ಮಾಸ್ಕೋದಲ್ಲಿ ಮದುವೆ. ಬರದಿದ್ರೆ, ನಾನು ನಿನಗೆ ಬೇಡ ಅಂತ ತಿಳ್ಕೋತೀನಿ. ಮತ್ತೆ ಯಾವತ್ತೂ ಕಾಡಲ್ಲ, ಇದು ನನ್ನ ಮಾತು.'

ಮದುವೆ... ಮಾಸ್ಕೋ... ನಾಳೆ!

ನಾಲ್ಕಕ್ಕೆ ಏಳು ಕೂಡಿಸಿದಳು. ರಾತ್ರಿ ಹನ್ನೊಂದು.

ಯೋಚಿಸಲೇ ಇಲ್ಲ ನೋಡಿ. ಯೋಚಿಸುವುದೇನಿತ್ತು? ಎರಡು ವರ್ಷ ಅವನು ಬರೆದದ್ದೆಲ್ಲ ಅವಳ ರೈಲಿನ ಗಂಟೆ. ಕೈ ತಾನಾಗಿ ಲೆಕ್ಕ ಹಾಕಿತು, ಮನಸ್ಸು ತಾನಾಗಿ ನಂಬಿತು.

ಶನಿವಾರ ಬೆಳಿಗ್ಗೆಯೆಲ್ಲ ಬಟ್ಟೆ ಮಡಚಿದಳು. ಮಧ್ಯಾಹ್ನ ತಲೆಗೆ ಸ್ನಾನ ಮಾಡಿ ಬಿಸಿಲಲ್ಲಿ ಕೂದಲು ಆರಿಸಿಕೊಂಡಳು. ಸರಿಯಾಗಿ ನಾಲ್ಕು ಗಂಟೆಗೆ, ಬಾಲ್ಕನಿಯಲ್ಲಿ ನಿಂತು, ಏನೋ ಹಾಡು ಗುನುಗುತ್ತಾ, ಬಿಳಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಪಾಪ!

ಹೊರಡುವ ಮುಂಚೆ ತಾಯಿ ಮಗಳು ಇಬ್ಬರೂ ಪೆಟ್ಟಿಗೆಯ ಮೇಲೆ ಒಂದು ನಿಮಿಷ ಮಾತಿಲ್ಲದೆ ಕೂತರು. ದೂರ ಹೋಗುವವರು ಹಾಗೆ ಕೂತೇ ಹೊರಡಬೇಕು.

"ಹೋಗು," ಎಂದಳು ಅಮ್ಮ. "ತಿರುಗಿ ನೋಡ್ಬೇಡ."

ಮೂರು ಗಂಟೆ ಮುಂಚೆಯೇ, ಎಂಟಕ್ಕೆ, ವಿಮಾನ ನಿಲ್ದಾಣ ತಲುಪಿದಳು. ಬೇಸಿಗೆಯ ಬಿಸಿಲು ಇನ್ನೂ ಇತ್ತು.

"ಮಾಸ್ಕೋ ವಿಮಾನ... ನನ್ನ ಹೆಸರಲ್ಲಿ ಟಿಕೆಟ್ ಇದೆ."

ಕೌಂಟರಿನ ಹೆಂಗಸು ಕಾಗದ ತಿರುವಿ ಹಾಕಿ, ಅವಳ ಮುಖ ನೋಡಿದಳು. "ನಾಲ್ಕರ ವಿಮಾನಾನಾ? ಅದು ಹೋಗಿ ನಾಲ್ಕು ಗಂಟೆ ಆಗ್ತಾ ಬಂತಲ್ಲಮ್ಮ! ಈಗ ಅರ್ಧ ದಾರೀಲಿ ಇರುತ್ತೆ. ನಿಮ್ಮ ಹೆಸರು ಎಷ್ಟು ಸಲ ಕೂಗಿದ್ವಿ..."

ರಿಮ್ಮಾ ಪೆಟ್ಟಿಗೆಯ ಮೇಲೆ ಕುಸಿದು ಕೂತಳು.

ನಾಲ್ಕು... ಇಲ್ಲಿನ ನಾಲ್ಕು!

'ಎರಡು ವರ್ಷ ನನ್ನ ರೈಲಿನ ಗಂಟೆಯಲ್ಲೇ ಬರೆದವನು, ಇದೊಂದು ಸಲ ಯಾಕೆ ಬದಲಾಯಿಸಿದ? ನಾನು ಏಳು ಕೂಡಿಸ್ತೀನಿ ಅಂತ ಅವನಿಗೆ ಚೆನ್ನಾಗಿ ಗೊತ್ತು. ದೇಶದ ಉದ್ದಕ್ಕೂ ನಿಮಿಷ ತಪ್ಪದೆ ಲೆಕ್ಕ ಹಾಕುವವನು... ಇದನ್ನು ಮರೆತನಾ?'

ಮರೆತಿಲ್ಲ. ಬೇಕೆಂದೇ ಬರೆದ. ಕರೆದೆ ಎಂದೂ ಆಗಬೇಕು, ಕರೆದುಕೊಂಡು ಹೋಗಲೂ ಬಾರದು. ಅವಳಿಗೆ ಹಾಗೆಯೇ ಅನ್ನಿಸಿತು, ಅನ್ನಿಸಿದ್ದು ಕಲ್ಲಿನಂತೆ ಕೂತುಬಿಟ್ಟಿತು.

ಸೋಮವಾರ ಫಾಯಿನಾ ಬಡಿದುಕೊಂಡಳು. "ಒಂದು ಕಾಗದ ಬರಿಯೇ! ಯಾಕೋ ಹೀಗೆ ಮಾಡ್ದೆ ಅಂತ ಕೇಳು!"

"ನಾನ್ಯಾಕೆ ಕೇಳ್ಲಿ? ಬೇಕಿದ್ರೆ ಅವನೇ ಬರ್ತಾನೆ."

"ಬರದಿದ್ರೆ?"

"ಬರದಿದ್ರೆ ಸಾಯ್ಲಿ."

ಅವನು ಬರಲಿಲ್ಲ. ಮಾತು ಕೊಟ್ಟಿದ್ದನಲ್ಲ, ಕಾಡುವುದಿಲ್ಲವೆಂದು! ಮಾತು ಉಳಿಸಿಕೊಂಡ ಮಹಾನುಭಾವ.

* * *

ಮುಂದಿನ ವಸಂತದಲ್ಲಿ ರಿಮ್ಮಾ ಅರ್ಕಾದಿಯನ್ನು ಮದುವೆಯಾದಳು. ರೈಲಿನ ಇಂಜಿನ್ ಓಡಿಸುವವನು. ಒಳ್ಳೆಯವನು, ಮಾತು ಕಡಿಮೆ. ಕೆಲಸದಿಂದ ಬರುವಾಗ ಅವಳಿಗೆಂದು ಒಂದು ಹಿಡಿ ಸೂರ್ಯಕಾಂತಿ ಬೀಜವನ್ನಾದರೂ ಜೇಬಿನಲ್ಲಿ ತರದೆ ಇರುತ್ತಿರಲಿಲ್ಲ.

ಅವನಿಗೆ ಅವಳು ಅನ್ನ ಹಾಕಿದಳು, ಬಟ್ಟೆ ಒಗೆದಳು. ಒಂದು ಸಿಹಿ ಮಾತು ಆಡಲಿಲ್ಲ. ಅವನು ಹತ್ತು ನಿಮಿಷ ತಡವಾಗಿ ಬಂದರೂ ಸಿಡುಕುತ್ತಿದ್ದಳು. ಏನಾದರೂ ಹೇಳಿದರೆ "ನಿಮ್ಮ ಗಂಡಸರ ಮಾತು ನನಗೆ ಗೊತ್ತು ಬಿಡು" ಎನ್ನುತ್ತಿದ್ದಳು. ಅವನು ಸುಮ್ಮನೆ ತಲೆ ತಗ್ಗಿಸುತ್ತಿದ್ದ. ತಾನು ಮಾಡಿದ ತಪ್ಪೇನೆಂದು ಕೊನೆವರೆಗೂ ಅವನಿಗೆ ಗೊತ್ತಾಗಲಿಲ್ಲ. ಮಕ್ಕಳಾಗಲಿಲ್ಲ.

ಒಂದು ವರ್ಷ ರಜೆಯನ್ನೆಲ್ಲ ಕೂಡಿಸಿಟ್ಟು ಅರ್ಕಾದಿ ಕೇಳಿದ್ದ, "ರಿಮ್ಮಾ, ಒಂದು ಸಲ ವಿಮಾನದಲ್ಲಿ ಮಾಸ್ಕೋಗೆ ಹೋಗಿ ಬರೋಣ್ವಾ? ನಾನಂತೂ ಮೋಡದ ಮೇಲಿಂದ ನೋಡೇ ಇಲ್ಲ."

"ನಾನು ವಿಮಾನ ಹತ್ತಲ್ಲ. ಬೇಕಿದ್ರೆ ಒಬ್ಬನೇ ಹೋಗು."

ಅವನು ಹೋಗಲಿಲ್ಲ. ಎರಡು ಸಾವಿರದ ಹದಿನಾಲ್ಕರಲ್ಲಿ ಹೃದಯ ನಿಂತು ಹೋದ, ಮೋಡ ನೋಡದೆಯೇ.

* * *

ಎರಡು ಸಾವಿರದ ಹದಿನೆಂಟು, ಆಗಸ್ಟ್ ಒಂದು, ಬುಧವಾರ.

ಅವತ್ತಿನಿಂದ ರೈಲು ನಿಲ್ದಾಣದ ಗಡಿಯಾರಗಳು ಮಾಸ್ಕೋವನ್ನು ಬಿಟ್ಟವು. ಇನ್ನು ಮುಂದೆ ಟಿಕೆಟ್ಟಿನಲ್ಲೂ ಬೋರ್ಡಿನಲ್ಲೂ ಆಯಾ ಊರಿನದೇ ಗಂಟೆ. ನಿಲ್ದಾಣದಲ್ಲಿ ಗದ್ದಲವೋ ಗದ್ದಲ!

"ಏಳು ಕೂಡಿಸ್ಬೇಕೋ ಬೇಡ್ವೋ ಹೇಳಮ್ಮ!" ಬಕೆಟ್ ತುಂಬ ಕಾಡುಹಣ್ಣು ಹೊತ್ತ ಅಜ್ಜಿಯೊಬ್ಬಳು ರೇಗುತ್ತಿದ್ದಳು.

"ಬೇಡ ಅಜ್ಜಿ. ಬರೆದಿರೋದೇ ಗಂಟೆ."

"ಎಪ್ಪತ್ತು ವರ್ಷ ಕೂಡಿಸಿದೀನಿ, ಈಗ ಬೇಡ ಅಂದ್ರೆ?"

ಅಜ್ಜಿ ಗೊಣಗುತ್ತಾ ಹೋದಳು. ಅವಳ ಹಿಂದೆ ನಿಂತಿದ್ದವನು ಮುಂದೆ ಬಂದು ಗಾಜಿನ ಹತ್ತಿರ ಬಾಗಿದ. ತಲೆ ಅರ್ಧ ನರೆತಿತ್ತು.

"ಅಂತೂ ನಿಮ್ಮ ಗಡಿಯಾರ ಸರಿಹೋಯ್ತು."

ರಿಮ್ಮಾಳ ಕೈಯಲ್ಲಿದ್ದ ಪೆನ್ಸಿಲ್ ಜಾರಿ ಬಿತ್ತು.

ಇಪ್ಪತ್ತೆರಡು ವರ್ಷ ಅವನಿಗಾಗಿ ಕೂಡಿಟ್ಟ ಬೈಗುಳಗಳಿದ್ದವು, ಒಂದೂ ನೆನಪಾಗಲಿಲ್ಲ. ಕಿಟಕಿಯ ಪರದೆ ಎಳೆದು, ಬಾಗಿಲು ತೆರೆದು ಹೊರಗೆ ಬಂದಳು. ಕಾಯುವವರ ಬೆಂಚಿನ ಹತ್ತಿರ ಅವನೆದುರು ನಿಂತಳು.

"ಯಾಕೆ ಬಂದೆ?"

"ಒಂದೇ ಒಂದು ಪ್ರಶ್ನೆ ಕೇಳೋಕೆ. ಎಂಟು ಗಂಟೆ ಹಾರಿ ಬಂದಿದೀನಿ, ಉತ್ತರ ಕೊಟ್ಟುಬಿಡು." ಒಂದು ಹೆಜ್ಜೆ ಹತ್ತಿರ ಬಂದ. "ಅವತ್ತು... ಆ ಶನಿವಾರ... ನೀನು ವಿಮಾನ ನಿಲ್ದಾಣಕ್ಕೆ ಬಂದಿದ್ಯಾ?"

"ಬಂದಿದ್ದೆ."

"ಎಷ್ಟು ಗಂಟೆಗೆ?"

"ಎಂಟಕ್ಕೆ! ಪೆಟ್ಟಿಗೆ ಹೊತ್ಕೊಂಡು, ಬಿಳಿ ಅಂಗಿ ಹಾಕ್ಕೊಂಡು ಬಂದಿದ್ದೆ! ನೀನು ಎರಡು ವರ್ಷ ನನ್ನ ರೈಲಿನ ಗಂಟೆಯಲ್ಲಿ ಬರೆದು, ಅವತ್ತೊಂದು ದಿನ ಬೇರೆ ಬರೆದ್ಯಲ್ಲ... ನಾನು ಬೇಡವಾಗಿದ್ರೆ ಮುಖಕ್ಕೆ ಹೇಳ್ಬಹುದಿತ್ತು! ಅಷ್ಟು ನಾಜೂಕಾಗಿ ಮೋಸ ಮಾಡ್ಬೇಕಿತ್ತಾ?"

ಗ್ಲೆಬ್ ಬೆಂಚಿನ ಮೇಲೆ ಕೂತುಬಿಟ್ಟ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ನೀನೇ ಹೇಳಿದ್ದೆ, ರಿಮ್ಮಾ."

"ನಾನಾ?"

"ಮೇ ತಿಂಗಳಲ್ಲಿ, ಅಮೂರ್ ದಂಡೆಯಲ್ಲಿ. ಕೂಡಿಸಿ ಕಳೆದು ತಲೆ ಚಿಟ್ಟು ಹಿಡೀತು ಅಂದೆ. ಇನ್ಮೇಲೆ ನಮ್ಮೂರ ಗಂಟೆ ಲೆಕ್ಕದಲ್ಲೇ ಮಾತಾಡು ಅಂದೆ. ಆಗ್ಲಿ ಅಂದೆ ನಾನು. ಆಮೇಲೆ ನಾನು ಬರೆದ ಮೊದಲ ಚೀಟಿ ಅದು."

ರಿಮ್ಮಾ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

ಐಸ್‌ಕ್ರೀಮ್... ತೋಳಿಗೆ ಇಳಿದದ್ದು... ಮೂಗಿಗೆ ಮೆತ್ತಿದ್ದು... ಅದಕ್ಕೂ ಮುಂಚೆ... ಹೌದು. ಹೇಳಿದ್ದಳು. ದಣಿದಿದ್ದಳು, ಬಾಯಿಗೆ ಬಂದದ್ದು ಹೇಳಿದ್ದಳು.

"ಅದು... ಅದು ಸುಮ್ನೆ ಅಂದಿದ್ದು ಕಣೋ..."

"ನನಗೇನು ಗೊತ್ತು? ನೀನು ಹೇಳಿದ್ದೆಲ್ಲ ನಾನು ಎದೆಗೆ ಹಾಕ್ಕೊಳ್ತಿದ್ದೆ." ಕಣ್ಣೊರೆಸಿಕೊಂಡ. "ಹದಿಮೂರು ನಿಮಿಷ ವಿಮಾನ ನಿಲ್ಲಿಸಿದ್ದೆ. ಎದುರುಗಾಳಿ ಜಾಸ್ತಿ ಇದೆ, ಲೆಕ್ಕ ಮತ್ತೆ ಹಾಕ್ಬೇಕು ಅಂತ ಕ್ಯಾಪ್ಟನ್‌ಗೆ ಸುಳ್ಳು ಹೇಳಿ. ಕಿಟಕಿಯಿಂದ ಮೆಟ್ಟಿಲನ್ನೇ ನೋಡ್ತಿದ್ದೆ. ನೀನು ಬರಲಿಲ್ಲ. ನಾನು ನಿನಗೆ ಬೇಡ ಅಂದ್ಕೊಂಡೆ."

"ಯಾಕೆ ಒಂದು ಸಲ ಬಂದು ಕೇಳಲಿಲ್ಲ? ಒಂದು ಸಲ!"

"ಕಾಡಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ. ನೀನ್ಯಾಕೆ ಬರೀಲಿಲ್ಲ?"

"ಬೇಕಿದ್ರೆ ನೀನೇ ಬರ್ತೀಯ ಅಂತ."

ತಲೆಯ ಮೇಲೆ ಧ್ವನಿವರ್ಧಕ ಯಾವುದೋ ರೈಲು ಹೊರಟಿತೆಂದು ಸಾರುತ್ತಿತ್ತು.

"ಹೋದ ವಾರ ಟಿವಿಯಲ್ಲಿ ಹೇಳಿದ್ರು," ಗ್ಲೆಬ್ ಮೆಲ್ಲಗೆ ಎಂದ. "ರೈಲಿನ ಗಂಟೆ ಬದಲಾಗುತ್ತೆ, ಹಳಬರೆಲ್ಲ ಅಭ್ಯಾಸಬಲದಿಂದ ಏಳು ಕೂಡಿಸಿ ರೈಲು ತಪ್ಪಿಸ್ಕೋಬಹುದು, ಹುಷಾರು ಅಂತ. ಕೈಯಲ್ಲಿದ್ದ ತಟ್ಟೆ ಬಿದ್ದುಹೋಯ್ತು. ಇಪ್ಪತ್ತೆರಡು ವರ್ಷ ಈ ತಲೆಗೆ ಹೊಳೆಯದೇ ಹೋಯ್ತಲ್ಲ! ನಾನು ಮದುವೆ ಆದೆ, ಆರು ವರ್ಷಕ್ಕೆ ಬಿಟ್ಟು ಹೋದ್ಲು. ನೀನು ಇಲ್ಲಿ ಇರೋದೇ ಇಲ್ಲ, ಯಾವಾಗ್ಲೂ ಎಲ್ಲೋ ಇರ್ತೀಯ ಅಂದ್ಲು. ಸರಿಯಾಗೇ ಹೇಳಿದ್ಲು."

"ನನ್ನೋನು ಬಿಟ್ಟು ಹೋಗಲಿಲ್ಲ," ಎಂದಳು ರಿಮ್ಮಾ. ಈಗ ಅಳು ಬಂತು, ತಡೆಯಲಾರದಷ್ಟು. "ಹದಿನೇಳು ವರ್ಷ ಸಹಿಸ್ಕೊಂಡ. ನಿನ್ನ ಮೇಲಿದ್ದ ಸಿಟ್ಟನ್ನೆಲ್ಲ ಆ ಪಾಪದವನಿಗೆ ಬಡಿಸಿದೆ. ಸಿಟ್ಟಿಗೆ ಕಾರಣವೇ ಇರಲಿಲ್ಲ ಅಂತ ಈಗ ಬಂದು ಹೇಳ್ತೀಯಲ್ಲ... ಅವನ ಹತ್ರ ಹೋಗಿ ಏನಂತ ಹೇಳ್ಲಿ ನಾನು? ಯಾವ ವಿಮಾನ ಹತ್ತಿ ಹೋಗ್ಲಿ?"

ಗ್ಲೆಬ್ ಅವಳ ಕೈ ಹಿಡಿಯಲು ಹೋದವನು ಹಿಂದೆಗೆದುಕೊಂಡ. ಅವಳು ಅತ್ತು ಮುಗಿಸುವವರೆಗೂ ಪಕ್ಕದಲ್ಲಿ ಕೂತಿದ್ದ. ಪರದೆ ಎಳೆದ ಕಿಟಕಿಯ ಮುಂದೆ ಜನ ಸೇರಿ ಬೈಯತೊಡಗಿದ್ದರು.

ಅವಳು ಮೂಗೊರೆಸಿಕೊಂಡು ಎದ್ದಳು. "ಕೆಲಸ ಇದೆ."

"ಹೋಗು. ನಾನೂ ಹೋಗ್ತೀನಿ. ಶನಿವಾರ ಸಂಜೆ ನಾಲ್ಕಕ್ಕೆ ನನ್ನ ವಿಮಾನ. ಕರೀತಿಲ್ಲ, ರಿಮ್ಮಾ. ಸುಮ್ನೆ ಹೇಳ್ದೆ."

ಬಾಗಿಲ ಹತ್ತಿರ ಹೋದವಳು ನಿಂತಳು. ಬೆನ್ನು ಅವನ ಕಡೆಗೇ ಇತ್ತು.

"ಯಾವ ಊರಿನ ನಾಲ್ಕು?"

ಈ ಮೂರು ಮಾತು! ಅವತ್ತು ಚೀಟಿ ತಂದ ಫಾಯಿನಾಳ ಹತ್ತಿರ ಈ ಮೂರು ಮಾತು ಹೇಳಿ ಕಳಿಸಿದ್ದರೆ ಸಾಕಿತ್ತು. ಅದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು, ಇಬ್ಬರಿಗೂ ಒಟ್ಟಿಗೇ ಚುಚ್ಚಿತು.

"ನಿಮ್ಮೂರಿನದು," ಎಂದ.

"ಬರೆದುಕೊಡು."

ಜೇಬಿನಿಂದ ಪೆನ್ನು ತೆಗೆದು, ತನ್ನ ಬೋರ್ಡಿಂಗ್ ಪಾಸಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದ. 'ಶನಿವಾರ, ಸಂಜೆ ನಾಲ್ಕು, ಖಬಾರೋವ್‌ಸ್ಕ್ ಗಂಟೆ.' ಅದರ ಕೆಳಗೆ ಎರಡು ಗೆರೆ ಎಳೆದ. ಅವಳು ಎರಡು ಸಲ ಓದಿ, ಮಡಚಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಳು.

"ನಿನ್ನ ಜೊತೆ ಹೊರಡೋಕೆ ಬರಲ್ಲ. ಅರ್ಕಾದಿಯ ಸಮಾಧಿ ಇಲ್ಲಿದೆ. ಅವನ ಹತ್ರ ಕೂತು ಆಡಬೇಕಾದ ಮಾತು ಬಹಳ ಇದೆ ಈಗ."

"ಗೊತ್ತು."

"ಕಳಿಸಿಕೊಡೋಕೆ ಬರ್ತೀನಿ. ಮಧ್ಯಾಹ್ನವೇ ಬಂದು ಕೂತಿರ್ತೀನಿ."

"ಅಷ್ಟು ಬೇಗ ಯಾಕೆ?"

"ನಿನಗೆ ಲೆಕ್ಕ ಹಾಕೋಕೆ ಬರಲ್ಲ, ಅದಕ್ಕೆ."

ಗ್ಲೆಬ್ ನಕ್ಕ. ನಗುತ್ತಲೇ ಮತ್ತೆ ಕಣ್ಣೀರು ಬಂತು. ರಿಮ್ಮಾ ಕೈ ಚಾಚಿ, ಅವನ ಕೆನ್ನೆಯನ್ನು ತನ್ನ ತೋಳಿನ ಬಟ್ಟೆಯಿಂದ ಒರೆಸಿದಳು.

"ಹೋಗೋಕೆ ಈಗ್ಲೂ ನಲವತ್ತು ನಿಮಿಷ ಜಾಸ್ತೀನಾ?"

"ಹ್ಞೂಂ. ವಿಮಾನ ಹೊಸದು, ಗಾಳಿ ಅದೇ."